ಗಿಣಿಯ ಕೊಕ್ಕು ಹನ್ನೆರಡಕ್ಕೆ

"ಒಳ್ಳೆ ಹೆಣ್ಮಗಳು, ಪಾಪ. ಕಡೀಕ ಕೈ ಒಂದು ಕೆಟ್ಟಿತ್ತು, ಅಷ್ಟ ನೋಡ್ರಿ."

ಹಲವಾಗಲಿನಲ್ಲಿ, ತೀರಿಹೋದವಳ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ, ಅವಳನ್ನು ಮಣ್ಣು ಮಾಡಿದ ಮೂರನೆಯ ದಿನ, ಆ ಮನೆಯವರೇ ಕೊಟ್ಟ ಚಹಾ ಹೀರುತ್ತ ನಮ್ಮ ಹಳೆಯ ಸೂಪರ್‌ವೈಸರ್ ಆಡಿದ ಮಾತು ಇದು. ಕೂತಿದ್ದ ಹತ್ತು ಹದಿನೈದು ಮಂದಿ ಹೌದು ಹೌದು ಎಂದು ತಲೆಯಾಡಿಸಿದರು. ನನ್ನ ಬಾಯಲ್ಲಿದ್ದ ಚಹಾ ಮೂಗಿಗೆ ಹತ್ತಿತು.

ನನಗೆ ಸಿಟ್ಟು ಬರುವುದು ಅಪರೂಪ. ಬೇರೆಯವರಿಗೆ ಸಿಟ್ಟು ತರಿಸುವುದೇ ನನ್ನ ಬದುಕಿನ ದೊಡ್ಡ ಸಾಧನೆ. ಕೂಡ್ಲಿಗಿ ಬಸ್‌ಸ್ಟ್ಯಾಂಡಿನಲ್ಲಿ ಹಡಗಲಿ ಬಸ್ಸಿಗೆ ಹರಪನಹಳ್ಳಿಯ ಬೋರ್ಡು ಸಿಕ್ಕಿಸಿ, ಒಂದು ಇಡೀ ಮದುವೆ ದಿಬ್ಬಣವನ್ನು ಬೇರೆ ತಾಲ್ಲೂಕಿಗೆ ಕಳಿಸಿದವನು ನಾನೇ. ಅಲ್ಲಿಯೂ ಅವತ್ತು ಒಂದು ಮದುವೆ ಇತ್ತು, ದಿಬ್ಬಣದವರು ಅಲ್ಲೇ ಉಂಡು ಬಂದರು. ಅದು ಬೇರೆ ಮಾತು. ಕೊಟ್ಟೂರಿನ ಎಣ್ಣೆ ಗಿರಣಿಯಲ್ಲಿ ಇಪ್ಪತ್ತೆಂಟು ವರ್ಷ ಫಿಟ್ಟರ್ ಆಗಿದ್ದಾಗ ಊಟದ ಗಂಟೆಯನ್ನು ಹತ್ತೂವರೆಗೇ ಹೊಡೆದು ಇಡೀ ಗಿರಣಿಗೆ ಉಣ್ಣಿಸಿದ್ದೇನೆ. ಇಂಥ ನನಗೆ ಮೊನ್ನೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅವಳ ಕೈ ಕೆಟ್ಟಿತ್ತಂತೆ! ಆ ಕೈ ಎಂಥದ್ದು ಎಂದು ಹೇಳದೆ ನಾನು ಇವತ್ತು ಏಳುವುದಿಲ್ಲ.

ಅವಳ ಹೆಸರು ಬರೆಯುವುದಿಲ್ಲ. ಅವಳ ಹೆಸರನ್ನು ಒಂದು ಸಲ ಬರೆದಿಟ್ಟದ್ದೇ ಸಾಕಾಗಿದೆ. ಯಾಕೆಂದು ಮುಂದೆ ತಿಳಿಯುತ್ತದೆ. ಗಿರಣಿಯಲ್ಲಿ ಎಲ್ಲರಿಗೂ ಅವಳು ಆಪಾ, ಅಂದರೆ ಅಕ್ಕ. ನಾನು ಅವಳಿಗಿಂತ ಹನ್ನೆರಡು ವರ್ಷ ದೊಡ್ಡವನು, ಆದರೂ ಆಪಾ ಎಂದೇ ಕರೆಯುತ್ತಿದ್ದೆ. ಅವಳು ನನ್ನನ್ನು ಅಣ್ಣ ಎನ್ನುತ್ತಿದ್ದಳು. ಹೀಗೆ ಒಬ್ಬರನ್ನೊಬ್ಬರು ಹಿರಿಯರನ್ನಾಗಿ ಮಾಡಿ, ಇಬ್ಬರೂ ಹುಡುಗರ ಹಾಗೆ ಕಾದಾಡುತ್ತಿದ್ದೆವು.

ಅವಳ ಅಪ್ಪ ಹರಪನಹಳ್ಳಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಕಪಾಟಿನಷ್ಟೇ ಅಗಲದ ಅಂಗಡಿ. ಒಳಗೆ ಅಪ್ಪ ಕೂತರೆ ಗಿರಾಕಿ ರಸ್ತೆಯ ಮೇಲೇ ನಿಲ್ಲಬೇಕು. ಶಾಲೆ ಬಿಟ್ಟ ಮೇಲೆ ಇವಳು ಅಪ್ಪನ ಪಕ್ಕ ಒಂದು ಡಬ್ಬಿಯ ಮೇಲೆ ಕೂತು ಕೈಗಡಿಯಾರಗಳಿಗೆ ಕೀಲಿ ಕೊಡುತ್ತಿದ್ದಳಂತೆ. ಕೀಲಿ ಕೊಡುವುದರಲ್ಲಿ ಒಂದು ಹದ ಇದೆ. ಕಡಿಮೆಯಾದರೆ ಗಡಿಯಾರ ಮಧ್ಯಾಹ್ನಕ್ಕೇ ನಿಲ್ಲುತ್ತದೆ, ಹೆಚ್ಚಾದರೆ ಸ್ಪ್ರಿಂಗು ಹರಿಯುತ್ತದೆ. "ಸಾಕು ಅಂತ ಬೆರಳಿಗೆ ಗೊತ್ತಾಗಬೇಕಣ್ಣ, ತಲಿಗಲ್ಲ" ಎನ್ನುತ್ತಿದ್ದಳು. ಆ ಬೆರಳುಗಳನ್ನೇ ಹೊತ್ತುಕೊಂಡು ಕೊಟ್ಟೂರಿಗೆ ಮದುವೆಯಾಗಿ ಬಂದಳು, ನಮ್ಮ ಗಿರಣಿಯಲ್ಲಿ ಶೇಂಗಾ ಎಣ್ಣೆ ಬಾಟಲಿಗೆ ಮುಚ್ಚಳ ಬಿಗಿಯುವ ಕೆಲಸಕ್ಕೆ ಸೇರಿದಳು.

ಮುಚ್ಚಳ ಬಿಗಿಯುವುದರಲ್ಲಿ ಏನಿದೆ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಅದಕ್ಕೆ ಶಿಕ್ಷೆಯನ್ನೂ ಉಂಡೆ. ಅಲ್ಲ, ಉಣ್ಣಲಿಲ್ಲ, ಕೇಳಿ.

ಒಂದು ದಿನ ಅವಳ ಸಾಲಿಗೆ ನಾನು ಎಡಗಡೆಗೆ ತಿರುಗಿಸಿದರೆ ಬಿಗಿಯಾಗುವ ಒಂದು ಬಾಟಲಿ ಸೇರಿಸಿದೆ. ಎಲ್ಲಿಂದ ತಂದೆ ಎಂದು ಕೇಳಬೇಡಿ. ನನ್ನ ಹತ್ತಿರ ಅಂಥವು ಇರುತ್ತವೆ. ಬೇರೆ ಯಾರಾದರೂ ಆಗಿದ್ದರೆ ಬಲಕ್ಕೆ ತಿರುಗಿಸಿ ತಿರುಗಿಸಿ, ಬೈದು, ಬಾಟಲಿ ಎಸೆಯುತ್ತಿದ್ದರು. ಇವಳ ಬೆರಳುಗಳು ಅರೆಕ್ಷಣ ನಿಂತವು, ಎಡಕ್ಕೆ ತಿರುಗಿದವು, ಟಕ್ ಎಂದಿತು, ಬಾಟಲಿ ಮುಂದೆ ಹೋಯಿತು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತು ನನ್ನ ಬುತ್ತಿ ತೆರೆಯಲು ಹೋದರೆ ಮುಚ್ಚಳ ಅಲುಗುತ್ತಿಲ್ಲ. ಅದು ತಿರುಪಿನ ಮುಚ್ಚಳದ ಸ್ಟೀಲ್ ಡಬ್ಬಿ. ಗಿರಣಿಯ ಅತಿ ದೊಡ್ಡ ಫಿಟ್ಟರು ಪಾನಾ ತಂದ, ಇಕ್ಕಳ ತಂದ, ಬೆಂಚಿನ ವೈಸ್‌ನಲ್ಲಿ ಸಿಕ್ಕಿಸಿ ಜೋತುಬಿದ್ದ. ಇಡೀ ಕ್ಯಾಂಟೀನು ಸುತ್ತ ನಿಂತು ನಗುತ್ತಿತ್ತು. ಊಟದ ಹೊತ್ತು ಮುಗಿದ ಗಂಟೆ ಹೊಡೆಯಿತು. ಆಗ ಆಪಾ ಬಂದಳು, ಮೂರು ಬೆರಳಿನಿಂದ ಹಿಡಿದಳು, ತೆರೆದಳು.

"ರೊಟ್ಟಿ ಬಿಸಿ ಅದಾವೇನಣ್ಣ?" ಎಂದಳು.

ಇಂಥ ಕೈ ಕೆಟ್ಟಿತ್ತು ಎನ್ನುತ್ತಾರೆ ನೋಡಿ.

ಈಗ ಗಿಣಿಯ ಕಥೆಗೆ ಬರುತ್ತೇನೆ. ನಮ್ಮ ಗಿರಣಿಯ ಬಾಟಲಿಗೆ ಹಳದಿ ಮುಚ್ಚಳ, ಅದರ ಮೇಲೆ ತಲೆ ಬಗ್ಗಿಸಿ ಶೇಂಗಾ ಕುಕ್ಕುವ ಒಂದು ಹಸಿರು ಗಿಣಿ. ಮುಚ್ಚಳ ಸರಿಯಾಗಿ ಬಿಗಿಯಾದರೆ ಗಿಣಿಯ ಕೊಕ್ಕು ಬಾಟಲಿಯ ಕತ್ತಿನ ಮೇಲಿರುವ ಗೀರಿಗೆ ನೇರ ಬಂದು ನಿಲ್ಲಬೇಕು. ಒಂದಿಷ್ಟು ಈಚೆ ನಿಂತರೆ ಸಡಿಲ, ಒಂದಿಷ್ಟು ಆಚೆ ಹೋದರೆ ಅತಿ ಬಿಗಿ. ನಾಲ್ಕು ಸಾಲು, ನಾಲ್ಕು ಹೆಣ್ಣುಮಕ್ಕಳು. ಉಳಿದ ಮೂವರ ಕೊಕ್ಕು ಗೀರಿನ ಆಚೆ ಈಚೆ ಇರುತ್ತಿತ್ತು. ಆಪಾಳ ಕೊಕ್ಕು ಗೀರಿನ ಮೇಲೇ.

ನಾನು ನಿವೃತ್ತನಾಗಲು ಎರಡು ವರ್ಷ ಇದ್ದಾಗ ಗಿರಣಿಗೆ ಕ್ಯಾಮೆರಾ ಬಂತು. ದೊಡ್ಡ ಊರಿನ ವ್ಯಾಪಾರಿಗಳು, ಪ್ರತಿ ಬಾಟಲಿಯನ್ನೂ ಯಂತ್ರದ ಕಣ್ಣು ನೋಡಿದ ಮೇಲೇ ನಾವು ಕೊಳ್ಳುವುದು ಎಂದರಂತೆ. ಬಾಟಲಿಗಳು ಗೀರು ಒಂದೇ ಕಡೆ ಇರುವ ಹಾಗೆ ಸಾಲಾಗಿ ಬರುತ್ತಿದ್ದವು. ಮುಚ್ಚಳದ ನೆತ್ತಿಯ ಮೇಲೆ ಕ್ಯಾಮೆರಾ, ಸುತ್ತ ಮೂರು ದೀಪ. ಒಂದೊಂದು ದೀಪ ಹತ್ತಿದಾಗ ಒಂದೊಂದು ಫೋಟೋ. ನೆರಳು ಬದಲಾದರೆ ಕೊಕ್ಕು ಒಂದೆರಡು ಡಿಗ್ರಿ ಆಚೀಚೆ ಕಾಣುತ್ತದೆ, ಅದಕ್ಕೇ ಮೂರು ಸಲ ಅಳೆದು, ಕೂಡಿಸಿ, ಮೂರರಿಂದ ಭಾಗಿಸಿ ಸರಾಸರಿ ತೆಗೆಯುತ್ತಿತ್ತು. ಅಳೆಯುವುದು ಗಡಿಯಾರದ ಹಾಗೆ: ಹನ್ನೆರಡು ಗಂಟೆಯ ಜಾಗದಲ್ಲಿ ಸೊನ್ನೆ, ಮೂರರ ಜಾಗದಲ್ಲಿ ತೊಂಬತ್ತು, ಆರರ ಜಾಗದಲ್ಲಿ ನೂರಾ ಎಂಬತ್ತು, ಸುತ್ತಿ ಬಂದರೆ ಮುನ್ನೂರ ಅರವತ್ತು. ಗಿಣಿ ತಲೆ ಬಗ್ಗಿಸಿದೆಯಲ್ಲ, ಹಾಗಾಗಿ ಸರಿಯಾದ ಮುಚ್ಚಳದ ಕೊಕ್ಕು ಪರದೆಯ ಮೇಲೆ ಆರು ಗಂಟೆಗೆ ನಿಲ್ಲುತ್ತಿತ್ತು. ನೂರಾ ಎಂಬತ್ತರಿಂದ ಎಂಟು ಡಿಗ್ರಿ ಆಚೀಚೆಯಾದರೂ ಪಾಸು. ಅದನ್ನು ಮೀರಿದರೆ ಒಂದು ಗಾಳಿಯ ಕೊಳವೆ ಬುಸ್ ಎಂದು ಬಾಟಲಿಯನ್ನು ತಳ್ಳಿಬಿಡುತ್ತಿತ್ತು. ಹಾಗೆ ತಳ್ಳಿಸಿಕೊಂಡದ್ದನ್ನು ಸೂಪರ್‌ವೈಸರ್ ಬಾಗಿಲ ಪಕ್ಕದ ಬಿಳಿ ಬೋರ್ಡಿನ ಮೇಲೆ, ನಾಲ್ವರ ಹೆಸರಿನ ಮುಂದೆ, ಕೆಂಪು ಮಸಿಯಲ್ಲಿ ಬರೆಯುತ್ತಿದ್ದ. ಆಪಾಳ ಹೆಸರಿನ ಮುಂದೆ ದಿನಾ ಸೊನ್ನೆ. ಅವಳು ಆ ಕಡೆ ನೋಡುತ್ತಲೂ ಇರಲಿಲ್ಲ. ಅಷ್ಟು ಸೊಕ್ಕು ಅವಳಿಗೆ ಸಲ್ಲುತ್ತಿತ್ತು.

ಸೂಪರ್‌ವೈಸರ್ ಮಾತ್ರ ದಿನಾ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಬಂದು, ಕ್ಯಾಮೆರಾದ ಪರದೆಯ ಮುಂದೆ ಕೈಕಟ್ಟಿ ನಿಂತು, ಗಿಣಿಗಳನ್ನು ತಾನೇ ಸಾಕಿದವನ ಹಾಗೆ ನೋಡುತ್ತಿದ್ದ. ಅದನ್ನು ಎಷ್ಟು ದಿನ ಸಹಿಸಲಿ? ಒಂದು ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು, ಎರಡು ಬೋಲ್ಟು ಸಡಿಲಿಸಿ, ಕ್ಯಾಮೆರಾವನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಬಿಗಿದಿಟ್ಟೆ.

ಸೂಪರ್‌ವೈಸರ್ ಬಂದ. ಪರದೆಯ ಮೇಲೆ ಗಿಣಿಗಳೆಲ್ಲ ಕಾಲು ಮೇಲೆ ಮಾಡಿ ತಲೆಕೆಳಗಾಗಿ ಹೊರಟಿದ್ದವು.

"ಲೇ, ಮಿಷಿನ್ ನಿಲ್ಲಸ್ರಲೇ! ಎಲ್ಲಾ ಮುಚ್ಚಳ ಉಲ್ಟಾ ಪ್ರಿಂಟ್ ಆಗ್ಯಾವ!"

ಅವನು ಒಂದೊಂದೇ ಮುಚ್ಚಳ ಎತ್ತಿ ನೋಡುತ್ತಾನೆ, ಗಿಣಿ ಸರಿ ಇದೆ. ಪರದೆ ನೋಡುತ್ತಾನೆ, ಗಿಣಿ ಉಲ್ಟಾ. ಕೊನೆಗೆ ತಾನೇ ತಲೆ ಬಗ್ಗಿಸಿ ಕಾಲ ಸಂದಿಯಿಂದ ಪರದೆ ನೋಡಿದ. ಇಡೀ ಗಿರಣಿ ಬಿದ್ದು ಬಿದ್ದು ನಕ್ಕಿತು. ಆಪಾ ಸೆರಗು ಬಾಯಿಗೆ ತುರುಕಿಕೊಂಡು ಮೇಜಿನ ಮೇಲೆ ಹಣೆ ಇಟ್ಟುಬಿಟ್ಟಿದ್ದಳು, ಭುಜ ಕುಣಿಯುತ್ತಿತ್ತು. ನನ್ನ ಜೀವನದ ಅತ್ಯುತ್ತಮ ಕಿತಾಪತಿ ಅದು ಎಂದು ಅವತ್ತು ಅಂದುಕೊಂಡೆ.

"ಇದು ಯಾರ ಕೆಲಸ?" ಎಂದು ಸೂಪರ್‌ವೈಸರ್ ಗುಡುಗಿದಾಗ, "ಬೆಳಿಗ್ಗೆ ಕಿಡಕಿಯಾಗ ಒಂದು ಮಂಗ ಕುಂತಿತ್ರಿ" ಎಂದೆ. ನಂಬಿದ. ನಮ್ಮ ಕಡೆ ಮಂಗನ ಮೇಲೆ ಹೇಳಿದ್ದೆಲ್ಲ ನಂಬುತ್ತಾರೆ. ಮರುದಿನವೇ ಕ್ಯಾಮೆರಾದ ಸುತ್ತ ಜಾಲರಿ ಹಾಕಿಸಿ, ಬೀಗ ಜಡಿದು, ಕೀಲಿಯನ್ನು ತನ್ನ ಉಡಿದಾರಕ್ಕೆ ಕಟ್ಟಿಕೊಂಡ.

ಕ್ಯಾಮೆರಾ ಕೂರಿಸಿದ ಕಂಪನಿಯ ಇಂಜಿನಿಯರ್ ದಾವಣಗೆರೆಯಿಂದ ಬಂದ. ಚುರುಕು ಹುಡುಗ. ತಲೆಕೆಳಗಾದ ಗಿಣಿ ನೋಡಿ ಅವನೂ ನಕ್ಕ. "ಜಾಲರಿ ಬಿಚ್ಚೋದು ಬೇಡ ಸರ್, ಕ್ಯಾಮೆರಾಕ್ಕೆ ಮೇಲೆ ಕೆಳಗೆ ಅಂತೇನಿಲ್ಲ. ಇಷ್ಟು ದಿನ ಕೊಕ್ಕು ಆರಕ್ಕಿತ್ತು, ಇನ್ನು ಮೇಲೆ ಹನ್ನೆರಡಕ್ಕೆ. ಲೆಕ್ಕದಲ್ಲಿ ಒಂದು ಅಂಕಿ ಬದಲಿಸಿದರೆ ಮುಗೀತು" ಎಂದು, ನೂರಾ ಎಂಬತ್ತು ಇದ್ದಲ್ಲಿ ಸೊನ್ನೆ ಹಾಕಿ, ಸರಾಸರಿ ಮುನ್ನೂರ ಐವತ್ತೆರಡರ ಮೇಲಿದ್ದರೂ ಪಾಸು ಎಂದು ಒಂದು ಸಾಲು ಸೇರಿಸಿ ಮಧ್ಯಾಹ್ನದ ಬಸ್ಸಿಗೆ ಹೋದ.

ಅವತ್ತು ಸಂಜೆ ಆಪಾಳ ಹೆಸರಿನ ಮುಂದೆ ಮೊದಲ ಸಲ ಸೊನ್ನೆ ಅಲ್ಲದ ಅಂಕಿ ಬಿತ್ತು. ಹದಿನೇಳು. ಮರುದಿನ ಮೂವತ್ತು. ಉಳಿದ ಮೂವರಿಗೆ ಒಂದು, ಎರಡು. ಇವಳಿಗೆ ದಿನೇ ದಿನೇ ಏರುತ್ತ ಹೋಯಿತು, ಯಾಕೆಂದರೆ ಇವಳು ಇನ್ನೂ ಇನ್ನೂ ಎಚ್ಚರಿಕೆಯಿಂದ ಬಿಗಿಯತೊಡಗಿದಳು.

"ವಯಸ್ಸಾತಬೇ ನಿನಗ. ಕೈ ನಡುಗ್ತೈತಿ" ಎಂದ ಸೂಪರ್‌ವೈಸರ್.

ಆಪಾ ಯಂತ್ರ ತಳ್ಳಿದ ತನ್ನ ಬಾಟಲಿಗಳಲ್ಲಿ ಇಪ್ಪತ್ತನ್ನು ಆರಿಸಿ ತಂದು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಇಪ್ಪತ್ತರಲ್ಲೂ ಕೊಕ್ಕು ಗೀರಿನ ಮೇಲೇ ಇತ್ತು, ದಾರ ಹಿಡಿದ ಹಾಗೆ.

"ಕಣ್ಣಿಲೆ ನೋಡ್ರಿ" ಎಂದಳು.

"ನಮ್ಮ ಕಣ್ಣಿಗೇನು ಗೊತ್ತಾಕ್ಕೈತಿ? ನೋಡಾಕಂತ ಅಷ್ಟು ದೊಡ್ಡ ಕ್ಯಾಮೆರಾ ತಂದಿಲ್ಲೇನು?" ಎಂದು ಅವನು ಹೋದ.

ಇದಾದ ಮೇಲೆ ಆಪಾ ಒಂದು ಪರೀಕ್ಷೆ ಮಾಡಿದಳು. ಹತ್ತು ಬಾಟಲಿಗಳನ್ನು ಬೇಕೆಂದೇ ಕೂದಲೆಳೆಯಷ್ಟು ಸಡಿಲ ಬಿಟ್ಟು ಕಳಿಸಿದಳು. ಹತ್ತೂ ಪಾಸು. ಹತ್ತನ್ನು ತನ್ನ ಹದಕ್ಕೆ ಬಿಗಿದು ಕಳಿಸಿದಳು. ಏಳು ಹೊರಗೆ ಬಿದ್ದವು. ನನ್ನನ್ನು ಕರೆದು, "ಸಡ್ಲ ಬಿಟ್ರ ಪಾಸು, ಬಿಗಿದ್ರ ಫೇಲು. ಇದು ಯಾ ಊರ ನ್ಯಾಯ ಅಣ್ಣ?" ಎಂದಳು.

ನಾನು ಜಾಣ ನೋಡಿ, ಜಾಣರ ಉಪಾಯವನ್ನೇ ಹೇಳಿದೆ. "ಹಂಗಾರ ಸಡ್ಲ ಬಿಡವಾ. ಒಂದು ಕೂದಲೆಳಿ. ನಿಂದೇನು ಗಂಟು ಹೋಗ್ತೈತಿ?"

ಅವಳು ನನ್ನನ್ನು ನೋಡಿದ ರೀತಿಗೆ ನನ್ನ ಮೀಸೆ ತಾನಾಗೇ ಕೆಳಗಾಯಿತು.

"ಯಾರೋ ಒಬ್ಬಾಕಿ ಈ ಬಾಟ್ಲಿ ಸೀರಿ ಗಂಟಿನಾಗ ಕಟಗೊಂಡು ತವರಿಗೆ ಹೋಗಿರ್ತಾಳ. ಎಣ್ಣಿ ಸೋರಿದ್ರ ಆಕಿ ಹಬ್ಬದ ಸೀರಿ ಹಾಳಾಕ್ಕೈತಿ. ಬೋರ್ಡಿನ ಮ್ಯಾಗ ನನ್ನ ಹೆಸರು ಚಂದ ಕಾಣ್ಲಿ ಅಂತ ಆಕಿ ಸೀರಿ ಹಾಳು ಮಾಡ್ಲೇನು?"

ಬಿಗಿಯುವುದನ್ನು ಅವಳು ಬದಲಿಸಲಿಲ್ಲ. ಬೋರ್ಡಿನ ಮೇಲೆ ಕೆಂಪು ಅಂಕಿ ಬೆಳೆಯುತ್ತಲೇ ಹೋಯಿತು. ಗಿರಣಿ ನೋಡಲು ಬಂದವರೆಲ್ಲ ಬಾಗಿಲಲ್ಲೇ ಆ ಬೋರ್ಡು ಓದಿ, "ಈಕಿ ಯಾರು?" ಎಂದು ಕೇಳುತ್ತಿದ್ದರು. ಸೂಪರ್‌ವೈಸರ್ ಬೆರಳು ಮಾಡಿ ತೋರಿಸುತ್ತಿದ್ದ. ಅವಳು ಬೆನ್ನು ತಿರುಗಿಸದೆ, ತಲೆ ತಗ್ಗಿಸದೆ, ಟಕ್ ಟಕ್ ಎಂದು ಬಿಗಿಯುತ್ತಲೇ ಇರುತ್ತಿದ್ದಳು. ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ. ಉಳಿದಿರುವುದು ನಾಲ್ಕೇ ಆದರೂ.

ಒಂದು ದಿನ, "ಅಣ್ಣ, ಪರದಿ ಮ್ಯಾಗ ಬರೋ ಅಂಕಿ ಬರ್ಕೊಂಡು ಬಾ" ಎಂದಳು. ಮುಚ್ಚಳದ ರಟ್ಟಿನ ಡಬ್ಬಿಯ ಮೇಲೆ ನಾನು ಬರೆದುಕೊಂಡು ಬಂದೆ. ಅವಳ ಒಂದು ಬಾಟಲಿಗೆ ಮೂರು ಫೋಟೋದ ಅಳತೆ: 359, 1, 0. ಸರಾಸರಿ: 120. ಫೇಲು. ಪಕ್ಕದ ಸಾಲಿನವಳ ಬಾಟಲಿಗೆ: 5, 6, 4. ಸರಾಸರಿ: 5. ಪಾಸು.

ಚಹಾದ ಹೊತ್ತಿಗೆ ಆಪಾ ಆ ರಟ್ಟನ್ನು ಮುಂದಿಟ್ಟುಕೊಂಡು ಕೂತಳು. ಚಹಾ ಆರಿತು. ಅವಳು ಕ್ಯಾಂಟೀನಿನ ಗೋಡೆ ಗಡಿಯಾರ ನೋಡಿದಳು, ರಟ್ಟು ನೋಡಿದಳು, ಮತ್ತೆ ಗಡಿಯಾರ ನೋಡಿದಳು.

"ಅಣ್ಣ, ಹನ್ನೊಂದಕ್ಕೂ ಒಂದಕ್ಕೂ ನಟ್ಟನಡುವ ಎಷ್ಟು ಗಂಟಿ?"

"ಹನ್ನೆರಡು. ಇದನ್ನ ನಮ್ಮ ಎಮ್ಮೀನೂ ಹೇಳ್ತೈತಿ."

"ಹನ್ನೊಂದು, ಒಂದು ಕೂಡ್ಸಿ ಅರ್ಧ ಮಾಡು."

"ಹನ್ನೆರಡರಾಗ ಅರ್ಧ... ಆರು."

"ಹನ್ನೆರಡು ಎಲ್ಲಿ, ಆರು ಎಲ್ಲಿ? ಮಿಷಿನ್ ಇದನ್ನ ಮಾಡಾಕ್ಹತ್ತೈತಿ. ನನ್ನ ಕೊಕ್ಕು ಒಂದು ಫೋಟೋದಾಗ ಹನ್ನೆರಡಕ್ಕಿಂತ ಎಳ್ಳಷ್ಟು ಹಿಂದ, ಒಂದರಾಗ ಎಳ್ಳಷ್ಟು ಮುಂದ. ಹಿಂದಿದ್ದಕ್ಕ ಮುನ್ನೂರಾ ಐವತ್ತೊಂಬತ್ತು ಅಂತೈತಿ, ಮುಂದಿದ್ದಕ್ಕ ಒಂದು ಅಂತೈತಿ. ಎರಡೂ ಬಾಜೂ ಬಾಜೂ ಅದಾವಣ್ಣ! ಕೂಡ್ಸಿ ಭಾಗಿಸಿ ನನ್ನನ್ನ ಎಲ್ಲೋ ನಾಕು ಗಂಟಿಗೆ ಒಗದೈತಿ."

ಗೀರಿನಿಂದ ಐದಾರು ಡಿಗ್ರಿ ದೂರ ನಿಲ್ಲುವವರ ಮೂರೂ ಅಳತೆ ಒಂದೇ ಕಡೆ ಬೀಳುತ್ತವೆ, ಅವರಿಗೆ ತೊಂದರೆಯಿಲ್ಲ. ಗೀರಿನ ಮೇಲೇ ನಿಲ್ಲುವವಳಿಗೆ ಮಾತ್ರ ಒಂದು ಆಚೆ, ಒಂದು ಈಚೆ. ಎಲ್ಲರಿಗಿಂತ ಸರಿ ಇದ್ದದ್ದಕ್ಕೇ ಅವಳು ತಪ್ಪಾಗಿದ್ದಳು.

ಕಸಬರಿಗೆಯಿಂದ ಮೂರು ಕಡ್ಡಿ ಮುರಿದು ತಂದಳು. ಒಂದನ್ನು ಹನ್ನೆರಡಕ್ಕಿಂತ ಸ್ವಲ್ಪ ಎಡಕ್ಕೆ ಮುಖ ಮಾಡಿ ಇಟ್ಟಳು, ಅದರ ತುದಿಗೆ ಇನ್ನೊಂದನ್ನು ಸ್ವಲ್ಪ ಬಲಕ್ಕೆ, ಅದರ ತುದಿಗೆ ಮೂರನೆಯದನ್ನು ನೇರಕ್ಕೆ. ಮೊದಲ ಕಡ್ಡಿಯ ಬುಡದಿಂದ ಕೊನೆಯ ಕಡ್ಡಿಯ ತುದಿಗೆ ಬೆರಳಿನಿಂದ ಗೆರೆ ಎಳೆದಳು. ಗೆರೆ ಸೀದಾ ಹನ್ನೆರಡಕ್ಕೆ ಹೋಯಿತು.

"ಅಂಕಿ ಕೂಡ್ಸಬಾರ್ದು. ಮುಳ್ಳು ಕೂಡ್ಸಬೇಕು. ನಮ್ಮಪ್ಪ ಇದ್ದಿದ್ರ ಆ ಇಂಜಿನಿಯರ್‌ಗೆ ಕಿವಿ ಹಿಂಡ್ತಿದ್ದ."

ಆಮೇಲೆ, ಕಡ್ಡಿಗಳನ್ನು ನೋಡುತ್ತಲೇ, ಮೆಲ್ಲಗೆ ಇನ್ನೊಂದು ಮಾತು ಹೇಳಿದಳು: "ಮಂಗ ಬರೂಕಿಂತ ಮೊದ್ಲು ಕೊಕ್ಕು ಆರಕ್ಕಿತ್ತು. ಆರರ ಹತ್ರ ಈ ಜಗಳ ಇಲ್ಲ. ನೂರಾ ಎಪ್ಪತ್ತೊಂಬತ್ತಕ್ಕೂ ನೂರಾ ಎಂಬತ್ತೊಂದಕ್ಕೂ ನಡುವ ನೂರಾ ಎಂಬತ್ತ ಬರ್ತೈತಿ."

ತಲೆ ಎತ್ತಿ ನನ್ನನ್ನು ನೋಡಿದಳೋ ಇಲ್ಲವೋ, ನನಗೆ ಗೊತ್ತಿಲ್ಲ. ನಾನು ಚಹಾದ ಲೋಟದೊಳಗೆ ನೋಡುತ್ತಿದ್ದೆ.

ಅಲ್ಲೇ ಹೇಳಬಹುದಿತ್ತು. ಜಾಲರಿ ಬಿಚ್ಚಿಸಿ, ಎರಡು ಬೋಲ್ಟು ಸಡಿಲಿಸಿ, ಅರ್ಧ ಸುತ್ತು ತಿರುಗಿಸಿದ್ದರೆ ಅವಳ ಸೊನ್ನೆ ಅವಳಿಗೆ ಸಿಗುತ್ತಿತ್ತು. ಆದರೆ ಕೀಲಿ ಸೂಪರ್‌ವೈಸರನ ಉಡಿದಾರದಲ್ಲಿತ್ತು, ಕೀಲಿ ಕೇಳಿದರೆ ಯಾಕೆ ಎನ್ನುತ್ತಿದ್ದ. ಅವನ ಮುಂದೆ ನಿಂತು ನಾನೇ ಆ ಮಂಗ ಎನ್ನಲು ನನಗೆ ಬಾಯಿ ಬರಲಿಲ್ಲ. ಬಸ್ಸಿನ ಬೋರ್ಡು ಬದಲಿಸಿದವನಿಗೆ, ಎಲ್ಲರನ್ನೂ ನಗಿಸಿದವನಿಗೆ, ಒಂದು ವಾಕ್ಯ ಹೇಳುವ ಧೈರ್ಯ ಇರಲಿಲ್ಲ. ಬೈಯಿರಿ. ಇವತ್ತು ನಾನು ಯಾರು ಯಾರಿಗೆ ಬೈಯುತ್ತಿದ್ದೇನೋ ಅವರ ಸಾಲಿನಲ್ಲಿ ನನ್ನನ್ನೂ ಮೊದಲಿಗೇ ನಿಲ್ಲಿಸಿಕೊಳ್ಳಿ.

ಆಪಾ ತಾನೇ ಹೋಗಿ ಸೂಪರ್‌ವೈಸರನ ಮೇಜಿನ ಮೇಲೆ ಮೂರು ಕಡ್ಡಿ ಜೋಡಿಸಿ ತೋರಿಸಿದಳು. ಹನ್ನೊಂದು, ಒಂದು, ಹನ್ನೆರಡು ಎಲ್ಲ ಹೇಳಿದಳು. ಅವನು ಕೇಳಿ ಮುಗಿಸಿ, ಕಡ್ಡಿಗಳನ್ನು ಅಂಗೈಯಿಂದ ನೆಲಕ್ಕೆ ಗುಡಿಸಿದ.

"ಗಡಿಯಾರ ರಿಪೇರಿ ಬ್ಯಾರೆ, ಕ್ಯಾಮೆರಾ ಬ್ಯಾರೆ. ದೊಡ್ಡ ದೊಡ್ಡವರು ಓದಿ ಬರದ ಲೆಕ್ಕ ಐತಿ ಅದು. ನಾಳಿಯಿಂದ ನೀ ಹೊಟ್ಟಿನ ಶೆಡ್ಡಿಗೆ ಹೋಗು."

ಹೊಟ್ಟಿನ ಶೆಡ್ಡು ಎಂದರೆ ಶೇಂಗಾ ಸಿಪ್ಪೆ ಗುಡಿಸುವ ಜಾಗ. ಆ ಬೆರಳುಗಳಿಗೆ ಕಸಬರಿಗೆ ಕೊಟ್ಟ!

ಆಪಾ ಹೋಗಲಿಲ್ಲ. ಅವತ್ತೇ ಕೆಲಸ ಬಿಟ್ಟಳು. ಬಿಡುವಾಗ ಜಗಳ ಮಾಡಲಿಲ್ಲ, ಅಳಲಿಲ್ಲ, ಒಂದೇ ಕೇಳಿದಳು: "ಬೋರ್ಡಿನ ಮ್ಯಾಗಿನ ನನ್ನ ಹೆಸರು ಒರಸ್ರಿ. ನನ್ನ ಕೈ ಸುಳ್ಳಲ್ಲ."

"ತಿಂಗ್ಳು ಮುಗಿದ ಮ್ಯಾಗ ಎಲ್ಲಾರದೂ ಒರಸ್ತೀವಿ" ಎಂದ ಅವನು.

ತಿಂಗಳು ಮುಗಿಯುವುದರೊಳಗೆ ಬಾಗಿಲಿಗೆ ಹೊಸ ಟಿವಿ ಬಂತು, ಅಂಕಿಗಳು ಅದರ ಮೇಲೆ ಬರತೊಡಗಿದವು. ಬಿಳಿ ಬೋರ್ಡನ್ನು ಇದ್ದ ಹಾಗೇ ಕಿತ್ತು ಉಗ್ರಾಣಕ್ಕೆ ಒಗೆದರು. ಆಪಾ ಹೋದ ಮೇಲೆ ಯಂತ್ರ ತಳ್ಳುವ ಬಾಟಲಿಗಳೂ ನಿಂತವು. ಗೀರಿನ ಮೇಲೆ ನಿಲ್ಲಿಸುವವರೇ ಇಲ್ಲವಲ್ಲ! "ನೋಡ್ರಿ, ಆಕಿ ಹೋದ್ಲು, ಎಲ್ಲಾ ಸರಿ ಆತು" ಎಂದು ಸೂಪರ್‌ವೈಸರ್ ಊರೆಲ್ಲ ಹೇಳಿದ.

ವರ್ಷ ಕಳೆದು ಇಂಜಿನಿಯರ್ ಸರ್ವಿಸಿಗೆ ಬಂದಾಗ ನಾನು ಅವನನ್ನು ಬೆಂಕಿಪೊಟ್ಟಣದ ಮೂರು ಕಡ್ಡಿಗಳ ಮುಂದೆ ಕೂರಿಸಿದೆ. ಆಪಾ ಹೇಳಿದ್ದನ್ನು ಅಕ್ಷರ ಬಿಡದೆ ಒಪ್ಪಿಸಿದೆ, ಯಾರು ಹೇಳಿದ್ದು ಎಂದೂ ಹೇಳಿದೆ. ಅವನು ಮೊದಲು ನಕ್ಕ, ನಡುವೆ ಕಡ್ಡಿಗಳನ್ನು ತಾನೇ ಜೋಡಿಸಿ ನೋಡಿದ, ಕೊನೆಗೆ ಕಿವಿ ಕೆಂಪಗಾಯಿತು. ಕೂತು ಲೆಕ್ಕ ಬದಲಿಸಿದ. ಪ್ರತಿ ಕೊಕ್ಕೂ ಮೇಲಕ್ಕೆ ಎಷ್ಟು ಚಾಚಿದೆ ಎನ್ನುವುದಕ್ಕೆ ಕೊಸೈನ್, ಪಕ್ಕಕ್ಕೆ ಎಷ್ಟು ಚಾಚಿದೆ ಎನ್ನುವುದಕ್ಕೆ ಸೈನ್. ಮೇಲಿನವನ್ನು ಬೇರೆ ಕೂಡಿ, ಪಕ್ಕದವನ್ನು ಬೇರೆ ಕೂಡಿ, ಕೊನೆಗೆ ಎರಡನ್ನೂ ಸೇರಿಸಿ ಇದು ಯಾವ ದಿಕ್ಕು ಎಂದು ಕೇಳುವುದಕ್ಕೆ ಆರ್ಕ್ ಟ್ಯಾಂಜೆಂಟ್. ಸೈನ್ ಕೊಸೈನ್ ಎಂದರೆ ಎಸ್ಸೆಸ್ಸೆಲ್ಸಿಯಲ್ಲಿ ನನ್ನನ್ನು ಎರಡು ಸಲ ಕೆಡವಿದ ದಾಯಾದಿಗಳು. ಅವು ಕಸಬರಿಗೆಯ ಕಡ್ಡಿಗಳು ಎಂದು ಯಾವ ಮೇಷ್ಟ್ರೂ ಹೇಳಿರಲಿಲ್ಲ.

ಆ ಲೆಕ್ಕ ಈಗ ಗಿರಣಿಯ ಆಫೀಸಿನಲ್ಲಿ ಗಾಜಿನ ಕಟ್ಟಿನೊಳಗೆ ತೂಗುತ್ತಿದೆ. ಕೆಳಗೆ ಇಂಜಿನಿಯರನ ಹೆಸರು, ಅದರ ಪಕ್ಕ, ಕಡ್ಡಿ ಗುಡಿಸಿದ ಸೂಪರ್‌ವೈಸರನ ಹೆಸರು! ಅದನ್ನು ತೂಗುಹಾಕಿದ ದಿನ ಸಭೆ ಮಾಡಿ ನನಗೂ ಒಂದು ಶಾಲು ಹೊದಿಸಿದರು. ಹೊದ್ದುಕೊಂಡೆ. "ಆಪಾಂದು ಹೆಸರೆಲ್ಲೈತ್ರಿ?" ಎಂದು ಕೇಳಿದ್ದಕ್ಕೆ, "ಆಕಿ ಈಗ ಕೆಲಸದಾಗ ಇಲ್ಲಲ್ಲ" ಎಂದರು.

ಆಮೇಲೆ ಅವಳನ್ನು ನೋಡಿದ್ದು ಒಂದೇ ಸಲ, ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ. ಹಲವಾಗಲಿನಲ್ಲಿ ಮಗಳ ಮನೆಯಲ್ಲಿದ್ದಳು, ಯಾರದೋ ಮದುವೆಗೆ ಬಂದಿದ್ದಳಂತೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಕೈ ಹಾಗೇ ಇತ್ತು.

"ಗಿಣಿ ಎಲ್ಲಾ ಹೆಂಗ ಅದಾವಣ್ಣ?"

"ಲೆಕ್ಕ ಸರಿ ಮಾಡ್ಯಾರ ಆಪಾ. ನೀ ಹೇಳಿದಂಗ, ಮುಳ್ಳ ಕೂಡ್ಸ್ಯಾರ."

ಅವಳ ಮುಖ ಅರಳಿತು. "ಬೋರ್ಡು?"

"ಒರಸ್ಯಾರ" ಎಂದೆ. ಜೀವನದಲ್ಲಿ ಲಕ್ಷ ಸುಳ್ಳು ಹೇಳಿದ್ದೇನೆ. ನಗು ತರಿಸದ ಸುಳ್ಳು ಅದೊಂದೇ.

"ನೀ ಹೇಳಿದ್ದು ನಂಬಬೇಕೇನು?" ಎಂದು ನಕ್ಕು ಬಸ್ಸು ಹತ್ತಿದಳು.

ಈಗ ಆ ಬೇವಿನ ಗಿಡದ ಕೆಳಗೆ ವಾಪಸ್ ಬನ್ನಿ. ಸೂಪರ್‌ವೈಸರ್ ಕೈ ಕೆಟ್ಟಿತ್ತು ಎಂದ. ನಾನು ಲೋಟ ಕೆಳಗಿಟ್ಟು ಎದ್ದು ನಿಂತೆ.

"ಆಕಿ ಕೈ ಕೆಟ್ಟಿದ್ದಿಲ್ಲ. ಕ್ಯಾಮೆರಾ ತಿರುವಿದಾವ ನಾನು. ಮಂಗ ಅಲ್ಲ, ನಾನು. ಅದಕ್ಕ ಆಕಿ ಬಾಟ್ಲಿ ಹೊರಗ ಬಿದ್ವು. ಎಲ್ಲಾರಿಗಿಂತ ಆಕಿ ಕೈ ಸರಿ ಇತ್ತು, ಅದಕ್ಕ ಬಿದ್ವು."

ಅಂತೂ ಹೇಳಿದೆ ಎಂದು ಎದೆ ಹಗುರಾಗುವಷ್ಟರಲ್ಲಿ ಸೂಪರ್‌ವೈಸರನ ಹೊಟ್ಟೆ ಕುಲುಕಿತು.

"ನೋಡ್ರಿ ಇವನ್ನ! ಸಾವಿನ ಮನ್ಯಾಗೂ ಬಿಡಂಗಿಲ್ಲ ಮುದುಕ!"

ಒಬ್ಬೊಬ್ಬರೇ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು. ನಾನು ಆಣೆ ಮಾಡಿದೆ. ಇನ್ನೂ ನಕ್ಕರು. ತೆಲಿಗಿಯಿಂದ ಬಂದಿದ್ದ ಹಳೆಯ ಲೋಡರ್ ಒಬ್ಬ, "ಹಂಗಾರ ಹಡಗಲಿ ಬಸ್ಸಿನ ಬೋರ್ಡು ಬದಲಿ ಮಾಡಿದ್ದು ಮಂಗೇನು ಕಾಕಾ?" ಎಂದ. ನಾನು ಲೆಕ್ಕ ಬಿಡಿಸಿ ಹೇಳಲು ನೆಲದಿಂದ ಬೇವಿನ ಕಡ್ಡಿ ಆಯ್ದರೆ, "ಏನೋ ಜಾದೂ ಮಾಡ್ತಾನ, ಜ್ವಾಕಿ" ಎಂದು ಹಿಂದೆ ಸರಿದರು. ಐವತ್ತು ವರ್ಷ ನಾನು ಕಷ್ಟಪಟ್ಟು ಕಟ್ಟಿದ ಹೆಸರು ಅದು. ಒಂದೇ ಒಂದು ನಿಜ ಹೇಳುವ ದಿನ ಎದುರಿಗೆ ಬಂದು ನಿಂತಿತು.

ಲೋಟ ಎತ್ತಿಕೊಳ್ಳಲು ಆಪಾಳ ಮಗಳು ಬಂದಳು. ಅವಳೊಬ್ಬಳು ನಕ್ಕಿರಲಿಲ್ಲ. ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದಳು:

"ಅಮ್ಮೀಗೆ ಗೊತ್ತಿತ್ತು ಕಾಕಾ. ಆಕಿ ಅವತ್ತು ಬೆಳಿಗ್ಗೆ ನಿಮ್ಮ ಹಿಂದ ಬಂದಿದ್ಲಂತ, ನೀವು ತಿರುವೂದು ನೋಡ್ಯಾಳ."

"ಮತ್ತ ಯಾಕ ಹೇಳ್ಲಿಲ್ಲವಾ?"

"ಗಿಣಿ ನೋಡಿ ಎಲ್ಲಾರಿಗಿಂತ ಜಾಸ್ತಿ ನಾನ ನಕ್ಕಿದ್ದೆ, ಅಷ್ಟು ನಕ್ಕ ಮ್ಯಾಗ ಚಾಡಿ ಹೆಂಗ ಹೇಳ್ಲಿ, ಅಂತಿದ್ಲು." ನನ್ನ ಲೋಟ ಎತ್ತಿಕೊಂಡು ಮತ್ತೆ ಹೇಳಿದಳು: "ಒಂದಿನ ಅಣ್ಣ ತಾನ ಹೇಳ್ತಾನ, ಆದ್ರ ಪಾಪ, ಯಾರೂ ನಂಬಂಗಿಲ್ಲ, ಅಂತಿದ್ಲು."

ಆಯ್ದಿದ್ದ ಬೇವಿನ ಕಡ್ಡಿಗಳನ್ನು ಜೇಬಿಗೆ ಹಾಕಿಕೊಂಡು ಬಂದುಬಿಟ್ಟೆ.

ಮರುದಿನ ಗಿರಣಿಗೆ ಹೋದೆ. ಗೇಟಿನವನು ಒಳಗೆ ಬಿಡಲಿಲ್ಲ. "ಸಾಹೇಬ್ರು ಹೇಳ್ಯಾರ, ನೀವು ಬಂದ್ರ ಏನಾರ ಕಿತಾಪತಿ ಇರ್ತೈತಂತ" ಎಂದು ನಗುತ್ತ ಗೇಟು ಹಾಕಿದ. ಅದಕ್ಕೇ ಇದನ್ನು ಬರೆದೆ. ಕೊಟ್ಟೂರಿನ ಆ ಗಿರಣಿಗೆ ನಿಮ್ಮಲ್ಲಿ ಯಾರಾದರೂ ಎಣ್ಣೆಗೆಂದು ಹೋದರೆ, ಬಾಗಿಲ ಎಡಕ್ಕೆ ಉಗ್ರಾಣ ಇದೆ. ಖಾಲಿ ಚೀಲಗಳ ಹಿಂದೆ ಗೋಡೆಗೆ ಆನಿಸಿದ ಬಿಳಿ ಬೋರ್ಡು. ಮೂರನೆಯ ಹೆಸರು ಅವಳದು, ಮುಂದೆ ಕೆಂಪು ಅಂಕಿ. ಮಸಿ ಹಳೆಯದಾಗಿದೆ, ಬರಿ ಬಟ್ಟೆಗೆ ಹೋಗುವುದಿಲ್ಲ, ಸ್ಪಿರಿಟ್ ಬೇಕು. ಕೂಡ್ಲಿಗಿಯ ನನ್ನ ಮನೆಗೆ ಬಂದರೆ ನಾನೇ ಕೊಡುತ್ತೇನೆ. ಹೆಸರನ್ನು ಒರೆಸಬೇಡಿ. ಅಂಕಿಯನ್ನು ಒರೆಸಿ, ಅಲ್ಲಿ ಸೊನ್ನೆ ಬರೆದು ಬನ್ನಿ.